ಹೊಸ ಸಾಧನಗಳ ಮೇಲೆ ತಾಯಿಗಿರುವ ಉತ್ಸಾಹವನ್ನು ಕುಗ್ಗಿಸದೆ ಮನೆಯನ್ನು ಸುರಕ್ಷಿತವಾಗಿಡುವುದು ಹೇಗೆ?

ಪ್ರಶ್ನೆ: ಹಿರಿಮಗಳು

ನಮ್ಮ ತಾಯಿಯವರಿಗೆ ಈಗ 67 ವರ್ಷ. ಕೆಲಸದಿಂದ ನಿವೃತ್ತರಾದ ಮೇಲೆ ಹೊಸ ಸಾಧನಗಳ ಮೇಲೆ ಮೊದಲೇ ಇದ್ದ ಅವರ ಆಸಕ್ತಿ ಇಮ್ಮಡಿಯಾಗಿದೆ. ಮನೆಯ ದೀಪಗಳು ಫೋನಿನಿಂದ ಹತ್ತಿ ಆರುತ್ತವೆ, ಬಾಗಿಲ ಬಳಿ ಕ್ಯಾಮೆರಾ ಇದೆ, ನೆಲ ಗುಡಿಸುವ ರೋಬೋ ಹೇಳಿದ ಹೊತ್ತಿಗೆ ತಾನಾಗಿಯೇ ಹೊರಡುತ್ತದೆ, ಕೈಗಡಿಯಾರ ಅವರ ನಾಡಿಯ ಲೆಕ್ಕವನ್ನೂ ನಿದ್ದೆಯ ಲೆಕ್ಕವನ್ನೂ ಇಡುತ್ತದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದಾಗ ನಮ್ಮ ಮನೆಯಲ್ಲಿ ಅದನ್ನು ಮೊದಲು ಬಳಸಿದವರು ನಾನಲ್ಲ, ಅವರು. ಯಾವ ವಸ್ತು ಬಂದರೂ ಕೈಪಿಡಿಯನ್ನು ಪೂರ್ತಿ ಓದಿ ಮುಗಿಸಿದ ಮೇಲೆಯೇ ಅದಕ್ಕೆ ವಿದ್ಯುತ್ ಸಂಪರ್ಕ ಕೊಡುತ್ತಾರೆ. ಇದನ್ನೆಲ್ಲ ನಾನು ದೂರಾಗಿ ಹೇಳುತ್ತಿಲ್ಲ. ಆ ವಯಸ್ಸಿನಲ್ಲಿ ನನಗೂ ಇಷ್ಟು ಕುತೂಹಲ ಉಳಿದಿರಲಿ ಎಂದು ಮನಸಾರೆ ಬಯಸುತ್ತೇನೆ.

ಆದರೆ ಇತ್ತೀಚೆಗೆ ನಡೆದ ಕೆಲವು ಸಂಗತಿಗಳು ನನ್ನ ನಿದ್ದೆಗೆಡಿಸಿವೆ. ತಾಯಿಯವರು ಊರಿನಲ್ಲಿಲ್ಲದ ಒಂದು ರಾತ್ರಿ ಇಂಟರ್ನೆಟ್ ಸಂಪರ್ಕ ಕಡಿದುಹೋಗಿತ್ತು. ನೀರು ಕುಡಿಯಲು ಎದ್ದ ತಂದೆಯವರು ಗೋಡೆಯ ಸ್ವಿಚ್ಚಿಗೆ ಕೈ ಹಾಕಿದರೆ ಅದರ ಮೇಲೆ ಟೇಪ್ ಅಂಟಿಸಿತ್ತು. ಆ ಸ್ವಿಚ್ಚನ್ನು ಯಾರಾದರೂ ಆರಿಸಿಬಿಟ್ಟರೆ ಸ್ಮಾರ್ಟ್ ಬಲ್ಬಿಗೆ ವಿದ್ಯುತ್ತೇ ಸಿಗದೆ ಫೋನಿನಿಂದ ಅದನ್ನು ಹತ್ತಿಸಲಾಗುವುದಿಲ್ಲವೆಂದು ತಾಯಿಯವರು ಮಾಡಿದ್ದ ಏರ್ಪಾಡು ಅದು. ಟೇಪನ್ನು ಕಿತ್ತರೆ ಏನಾದರೂ ಕೆಟ್ಟೀತೆಂದು ಹೆದರಿದ ತಂದೆಯವರು ಗೋಡೆ ಹಿಡಿದುಕೊಂಡು ಕತ್ತಲಲ್ಲೇ ನಡೆದರು. ಬಿದ್ದಿದ್ದರೆ ಗತಿಯೇನು ಎಂಬ ಯೋಚನೆ ಈಗಲೂ ಬಿಟ್ಟಿಲ್ಲ. ಇನ್ನೊಂದು ಸಂದರ್ಭದಲ್ಲಿ, ಹಲವು ಸಾಧನಗಳನ್ನು ಒಟ್ಟಿಗೆ ನಿಯಂತ್ರಿಸುತ್ತಿದ್ದ ಪೆಟ್ಟಿಗೆಯೊಂದು ತಯಾರಕರು ತಮ್ಮ ಸರ್ವರನ್ನು ಮುಚ್ಚಿದ ದಿನವೇ ನಿಷ್ಪ್ರಯೋಜಕವಾಯಿತು. ಅವರಿಗೆ ಫೋನ್ ಬದಲಿಸಲು ನೆರವಾಗುತ್ತಿದ್ದಾಗ, ಹತ್ತಾರು ಖಾತೆಗಳಿಗೆ ಒಂದೇ ಪಾಸ್‌ವರ್ಡ್ ಇಟ್ಟು ಕೊನೆಯ ಅಂಕಿಯನ್ನು ಮಾತ್ರ ಬದಲಿಸಿದ್ದು ಕಣ್ಣಿಗೆ ಬಿತ್ತು. ಕ್ಯಾಮೆರಾದ ಪಾಸ್‌ವರ್ಡ್ ಅಂತೂ ಕಾರ್ಖಾನೆಯಿಂದ ಬಂದದ್ದೇ ಉಳಿದಿತ್ತು.

ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಬೇರೆ. ತಂದೆಯವರ ರಕ್ತಪರೀಕ್ಷೆಯ ವರದಿಯನ್ನು ಹೆಸರು ಸಮೇತ ಕೃತಕ ಬುದ್ಧಿಮತ್ತೆಯ ಸಾಧನಕ್ಕೆ ಕೊಟ್ಟು, ಅದು ನೀಡಿದ ವಿವರಣೆಯನ್ನು ನಂಬಿ, ಒಂದು ಮಾತ್ರೆಯ ಅಗತ್ಯ ಇನ್ನಿಲ್ಲವೆಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಅದೃಷ್ಟವಶಾತ್ ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಿದೆವು. ಆ ತೀರ್ಮಾನ ತಪ್ಪಾಗಿತ್ತು.

ನಾನು ಏನಾದರೂ ಹೇಳಲು ಹೊರಟರೆ ಅವರ ಮುಖ ಬಾಡುತ್ತದೆ. ಇದುವರೆಗೆ ಮನೆಮಂದಿಗೆಲ್ಲ ಕಲಿಸುತ್ತಿದ್ದವರಿಗೆ ಈಗ ಮಗಳು ಪಾಠ ಹೇಳುವಂತಾಗಬಾರದು. ಯಾವ ವಿಷಯದಲ್ಲಿ ನಾನು ಪಟ್ಟು ಹಿಡಿಯಬೇಕು, ಯಾವುದನ್ನು ಬಿಟ್ಟುಕೊಡಬಹುದು, ಮಾತನ್ನು ಹೇಗೆ ತೆಗೆಯಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ತಂತಿ ಮತ್ತು ಗಂಟು

ನಾನು ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ದೀಪದ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಡೀ ಮನೆಯ ಸಮಸ್ಯೆ ಆ ಟೇಪಿನಲ್ಲಿಯೇ ಇದೆ ಎಂದು ನನಗನಿಸುತ್ತದೆ.

ಮೊದಲು ತಂದೆಯವರಿಗೆ ಒಂದು ಮಾತು ತಿಳಿಸಿ: ಗೋಡೆಯ ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಾಕಿದರೆ ಬಹುತೇಕ ಸ್ಮಾರ್ಟ್ ಬಲ್ಬುಗಳು ಇಂಟರ್ನೆಟ್ ಇಲ್ಲದಿದ್ದರೂ ಉರಿಯುತ್ತವೆ. ಅದರಿಂದ ಯಾವುದೂ ಕೆಡುವುದಿಲ್ಲ. ಆದ್ದರಿಂದ ಟೇಪನ್ನು ಇಂದೇ ತೆಗೆಯಿರಿ. ಶಾಶ್ವತ ಪರಿಹಾರ ಬೇಕಿದ್ದರೆ ಬುದ್ಧಿವಂತಿಕೆಯನ್ನು ಬಲ್ಬಿನಲ್ಲಿಡದೆ ಸ್ವಿಚ್ಚಿನಲ್ಲಿಡಬೇಕು. ಸಾಮಾನ್ಯ ಬಲ್ಬನ್ನೇ ಹಾಕಿ, ಸ್ವಿಚ್ ಬೋರ್ಡಿನ ಒಳಗೆ ಸಣ್ಣ ರಿಲೇ ಸಾಧನವನ್ನು (ಸೂಚನೆ ಬಂದಾಗ ವಿದ್ಯುತ್ತನ್ನು ಹರಿಸುವ, ತಡೆಯುವ ಸ್ವಿಚ್ಚನ್ನು) ವಿದ್ಯುತ್ ಕೆಲಸ ಬಲ್ಲವರಿಂದ ಕೂಡಿಸಿದರೆ, ಗೋಡೆಯ ಸ್ವಿಚ್ ಎಂದಿನಂತೆ ಕೆಲಸ ಮಾಡುತ್ತದೆ, ತಾಯಿಯವರ ಫೋನಿನಿಂದಲೂ ದೀಪ ಹತ್ತುತ್ತದೆ. ತಂತ್ರಜ್ಞಾನದ ಗಂಧಗಾಳಿ ಇಲ್ಲದ ಅತಿಥಿಯೊಬ್ಬರು ಕತ್ತಲಲ್ಲಿ ಯಾರನ್ನೂ ಕೇಳದೆ ದೀಪ ಹಾಕುವಂತಿರಬೇಕು. ಮನೆಯ ಯಾಂತ್ರೀಕರಣಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಇದೊಂದೇ.

ತಯಾರಕರ ಸರ್ವರ್ ನಿಂತ ಕೂಡಲೇ ಪೆಟ್ಟಿಗೆ ಸತ್ತದ್ದಕ್ಕೆ ಕಾರಣ, ನಿಮ್ಮ ಮನೆಯ ಆಜ್ಞೆ ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಮರಳಿ ನಿಮ್ಮದೇ ಮನೆಯ ಸಾಧನಕ್ಕೆ ಬರುತ್ತಿತ್ತು. ಝಿಗ್‌ಬೀ, ಥ್ರೆಡ್ ಮುಂತಾದ ನಿಸ್ತಂತು ಸಂಪರ್ಕವಿರುವ ಸಾಧನಗಳು ಮನೆಯೊಳಗೇ ಮಾತನಾಡಿಕೊಳ್ಳಬಲ್ಲವು. 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಬಂದ ಮ್ಯಾಟರ್ ಎಂಬ ಮಾನದಂಡದ ಉದ್ದೇಶವೂ ಬೇರೆ ಬೇರೆ ತಯಾರಕರ ಸಾಧನಗಳು ಸ್ಥಳೀಯ ಜಾಲದಲ್ಲಿಯೇ ಕೂಡಿ ಕೆಲಸ ಮಾಡಬೇಕೆಂಬುದು. ಮುಂದಿನ ಸಲ ತಾಯಿಯವರು ಏನನ್ನಾದರೂ ಕೊಳ್ಳುವಾಗ ಅದು ಇಂಟರ್ನೆಟ್ ಇಲ್ಲದೆ ಎಷ್ಟು ಕೆಲಸ ಮಾಡುತ್ತದೆ, ಅದಕ್ಕೆ ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ ಎಂದು ನೋಡಲು ಹೇಳಿ. ಕೈಪಿಡಿಯನ್ನು ಪೂರ್ತಿ ಓದುವ ಅವರಿಗೆ ಈ ಪ್ರಶ್ನೆಗಳು ಖಂಡಿತ ಹಿಡಿಸುತ್ತವೆ.

ಕ್ಯಾಮೆರಾದ ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ನೀವು ಪಟ್ಟು ಹಿಡಿಯಲೇಬೇಕು. 2016ರಲ್ಲಿ ಹರಡಿದ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡುಗಳ 60ಕ್ಕೂ ಹೆಚ್ಚು ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿಯೇ ಲಕ್ಷಾಂತರ ಕ್ಯಾಮೆರಾ, ರೂಟರ್ ಮೊದಲಾದವುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳ ದಂಡು, ಜಾಲತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಸಂಸ್ಥೆಯ ಸೇವೆಯ ಮೇಲೆ ದಾಳಿ ಮಾಡಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಸಿಗದಾದವು. ತಮ್ಮ ಮನೆಯ ಕ್ಯಾಮೆರಾ ಆ ದಂಡಿನಲ್ಲಿದೆಯೆಂಬುದು ಮನೆಯವರ ಗಮನಕ್ಕೆ ಬರುವುದು ಕಷ್ಟ, ಏಕೆಂದರೆ ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇರುತ್ತದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನು ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ನಿಷೇಧಿಸಿದೆ, ಸುರಕ್ಷತಾ ಅಪ್‌ಡೇಟ್ ಎಷ್ಟು ಕಾಲ ಸಿಗುತ್ತದೆಂದು ತಯಾರಕರು ಹೇಳಲೇಬೇಕೆಂದು ವಿಧಿಸಿದೆ. ಬೇರೆ ಕಡೆ ಕಾನೂನು ಏನೇ ಇರಲಿ, ನಮ್ಮ ಮನೆಯೊಳಗೆ ಅಷ್ಟನ್ನು ನಾವೇ ವಿಧಿಸಿಕೊಳ್ಳಬಹುದು.

ರೂಟರಿನಲ್ಲಿ ಅತಿಥಿ ಜಾಲವನ್ನು (ಮನೆಯ ಫೋನು, ಕಂಪ್ಯೂಟರುಗಳಿರುವ ಮುಖ್ಯ ಜಾಲದಿಂದ ಬೇರೆಯಾಗಿರುವ ವೈಫೈಯನ್ನು) ತೆರೆದು ಬಲ್ಬು, ಕ್ಯಾಮೆರಾ, ರೋಬೋಗಳನ್ನು ಅದಕ್ಕೆ ಸೇರಿಸಿ. ಹಾಗೆ ಮಾಡಿದಾಗ ಕೆಲವು ಸಾಧನಗಳು ಮುಖ್ಯ ಜಾಲದಲ್ಲಿರುವ ಫೋನಿಗೆ ಕಾಣಿಸದಿರಬಹುದು, ಆಗ ಅಂಥದ್ದನ್ನು ಮಾತ್ರ ಮರಳಿ ಮುಖ್ಯ ಜಾಲಕ್ಕೆ ತಂದರೆ ಸಾಕು. ಈ ಕೆಲಸವನ್ನು ನೀವು ಮಾಡಿ ಮುಗಿಸಬೇಡಿ, ತಾಯಿಯವರ ಕೈಯಿಂದಲೇ ಮಾಡಿಸಿ.

ಉತ್ತರ 2: ಎಪ್ಪತ್ತರ ವಿದ್ಯಾರ್ಥಿ

ನಿಮ್ಮ ತಾಯಿಯವರಂಥವನೇ ನಾನು. 71 ವರ್ಷ ವಯಸ್ಸು. 1.44 ಎಂಬಿ ಹಿಡಿಯುವ ಫ್ಲಾಪಿಯಲ್ಲಿ ಕಚೇರಿಯ ಕಡತಗಳನ್ನು ಹೊತ್ತುಕೊಂಡು ಓಡಾಡಿದ ಕಾಲದಿಂದ ಇಂದಿನವರೆಗೆ ಹೊಸದೇನು ಬಂದರೂ ಮುಟ್ಟಿ ನೋಡದೆ ಬಿಟ್ಟವನಲ್ಲ. ಆದ್ದರಿಂದ ಆ ಕಡೆಯಿಂದ ಎರಡು ಮಾತು ಹೇಳಲು ಅನುಮತಿ ಕೊಡಿ.

ಮಕ್ಕಳ ಸಲಹೆಯಿಂದ ನಮಗೆ ನೋವಾಗುವುದಿಲ್ಲ. ಏನೋ ಕೇಳೋಣವೆಂದು ಫೋನನ್ನು ಮುಂದೆ ಹಿಡಿದಾಗ ಅವರು ಅದನ್ನು ಕೈಯಿಂದ ತೆಗೆದುಕೊಂಡು, ಹತ್ತು ಕ್ಷಣದಲ್ಲಿ ಸರಿಪಡಿಸಿ, ‘ಆಯ್ತು ತಗೊಳ್ಳಿ’ ಎಂದು ಮರಳಿಸುತ್ತಾರಲ್ಲ, ಆಗ ನೋವಾಗುತ್ತದೆ. ನನಗೆ ಬೇಕಾದದ್ದು ಸರಿಯಾದ ಫೋನ್ ಅಲ್ಲ, ಅದು ಹೇಗೆ ಸರಿಹೋಯಿತೆಂಬ ತಿಳಿವಳಿಕೆ. ಕೆಲಸದಲ್ಲಿದ್ದಾಗ ದಿನಕ್ಕೆ ಹತ್ತು ಜನ ನಮ್ಮ ಬಳಿ ಬಂದು ಪರಿಹಾರ ಕೇಳುತ್ತಿದ್ದರು. ನಿವೃತ್ತಿಯ ಮರುದಿನದಿಂದ ಯಾರೂ ಕೇಳುವುದಿಲ್ಲ. ಆಗ ಒಂದು ಸಣ್ಣ ಸಾಧನ ‘ನನ್ನನ್ನು ಬಿಡಿಸಿ ನೋಡು’ ಎಂದು ಕರೆದರೆ ಮನಸ್ಸಿಗೆ ಎಷ್ಟು ಹಿತವಾಗುತ್ತದೆಂದು ಹೇಗೆ ವಿವರಿಸಲಿ! ನಿಮ್ಮ ತಾಯಿಯವರ ಮುಖ ಬಾಡುವುದು ನೀವು ತಪ್ಪನ್ನು ತೋರಿಸಿದ್ದಕ್ಕಲ್ಲ, ಆ ಹಿತವನ್ನು ಕಿತ್ತುಕೊಳ್ಳುತ್ತಾರೇನೋ ಎಂಬ ಅಂಜಿಕೆಗೆ ಇರಬೇಕು.

ಹೀಗಿರುವುದರಿಂದ ಅವರಿಗೆ ನಿರ್ಬಂಧಕ್ಕಿಂತ ಜವಾಬ್ದಾರಿ ಕೊಡಿ. ಮನೆಯ ಎಲ್ಲ ಸಾಧನಗಳ ಬಗ್ಗೆ ಒಂದು ಪುಸ್ತಕ ಬರೆಯಲು ಕೇಳಿ. ಅದನ್ನು ನಿಮಗಾಗಿ ಬರೆಯುವುದು ಬೇಡ, ತಂದೆಯವರಿಗಾಗಿ ಬರೆಯಲಿ. ತಂದೆಯವರು ಅದನ್ನು ಓದಿ ಒಬ್ಬರೇ ದೀಪ ಹತ್ತಿಸುವಂತಾದರೆ, ನಿಂತುಹೋದ ರೂಟರನ್ನು ಮತ್ತೆ ನಡೆಸುವಂತಾದರೆ ಮಾತ್ರ ಆ ಪುಟ ಮುಗಿಯಿತೆಂದು ಲೆಕ್ಕ. ನನ್ನ ಮಗಳು ನನ್ನಿಂದ ಹೀಗೆ ಬರೆಸಿದಳು. ಬರೆಯುತ್ತ ಹೋದಂತೆ, ಹೆಂಡತಿಗೆ ವಿವರಿಸಲಾಗದ ಮೂರು ಸಾಧನಗಳನ್ನು ನಾನೇ ತೆಗೆದುಹಾಕಿದೆ. ಯಾರೂ ಹೇಳಿರಲಿಲ್ಲ.

ಕೈಗಡಿಯಾರದ ಬಗ್ಗೆಯೂ ಹೇಳಬೇಕು, ಏಕೆಂದರೆ ನಾನು ಅದನ್ನು ಅತಿಯಾಗಿ ನಂಬಿದ್ದೆ. ಅದು ಹಸಿರು ಬೆಳಕನ್ನು ಚರ್ಮದ ಮೇಲೆ ಬೀರಿ, ರಕ್ತ ಹೀರಿಕೊಂಡು ಉಳಿದು ಮರಳಿ ಬಂದ ಬೆಳಕಿನ ಏರಿಳಿತದಿಂದ ನಾಡಿಯನ್ನು ಲೆಕ್ಕ ಹಾಕುತ್ತದೆ. ಕೈ ತಣ್ಣಗಿದ್ದರೆ, ಪಟ್ಟಿ ಸಡಿಲವಾಗಿದ್ದರೆ ಆ ಲೆಕ್ಕ ತಪ್ಪುತ್ತದೆ. ಇಸಿಜಿ ಸೌಲಭ್ಯವಿದ್ದರೂ ಅದು ಹೃದಯವನ್ನು ಒಂದೇ ದಿಕ್ಕಿನಿಂದ ನೋಡುತ್ತದೆ, ಆಸ್ಪತ್ರೆಯ ಇಸಿಜಿ 12 ದಿಕ್ಕುಗಳಿಂದ ನೋಡುತ್ತದೆ. ಹೃದಯ ಬಡಿತದ ಲಯ ತಪ್ಪಿದ್ದನ್ನು ಗಡಿಯಾರ ಹಿಡಿಯಬಲ್ಲದು, ಹೃದಯಾಘಾತವನ್ನು ಹಿಡಿಯಲಾರದು. ಎದೆನೋವಿದ್ದಾಗ ಗಡಿಯಾರ ‘ಎಲ್ಲ ಸರಿಯಿದೆ’ ಎಂದರೂ ಆಸ್ಪತ್ರೆಗೆ ಹೋಗಲೇಬೇಕು. ಆಮ್ಲಜನಕದ ಅಳತೆಯೂ ಹಾಗೆಯೇ. ಬೆರಳಿಗೆ ಹಾಕುವ ಆಕ್ಸಿಮೀಟರುಗಳೇ ಗಾಢ ಬಣ್ಣದ ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತವೆಂದು 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಸಿತ್ತು. ಇದನ್ನು ನಮ್ಮಂಥವರು ನೆನಪಿನಲ್ಲಿಡುವುದು ಒಳ್ಳೆಯದು.

ಕೃತಕ ಬುದ್ಧಿಮತ್ತೆಯನ್ನು ನಾನೂ ದಿನವೂ ಬಳಸುತ್ತೇನೆ. ಅಪಾರ ಬರಹಗಳಿಂದ ಕಲಿತು, ಮುಂದೆ ಯಾವ ಪದ ಬರಬಹುದೆಂದು ಅಂದಾಜಿಸುತ್ತ ಅದು ಉತ್ತರ ಕಟ್ಟುತ್ತದೆ. ಆದ್ದರಿಂದ ಸರಿಯಾದ ಮಾತನ್ನೂ ತಪ್ಪು ಮಾತನ್ನೂ ಒಂದೇ ದನಿಯಲ್ಲಿ, ಒಂದೇ ಧೈರ್ಯದಲ್ಲಿ ಹೇಳುತ್ತದೆ. ನಾನು ವರದಿಯಿಂದ ಹೆಸರು, ಗುರುತಿನ ಸಂಖ್ಯೆಗಳನ್ನು ತೆಗೆದು, ‘ಏನು ಮಾಡಬೇಕು’ ಎಂದು ಕೇಳದೆ, ‘ವೈದ್ಯರನ್ನು ಏನೇನು ಕೇಳಬೇಕು’ ಎಂದು ಕೇಳುತ್ತೇನೆ. ಹೀಗೆ ಕೇಳಲು ಆರಂಭಿಸಿದ ಮೇಲೆ ವೈದ್ಯರೊಂದಿಗಿನ ಹತ್ತು ನಿಮಿಷಗಳು ನನಗೆ ಬಹಳ ಉಪಯೋಗವಾಗುತ್ತಿವೆ. ನಿಮ್ಮ ತಾಯಿಯವರಿಗೆ ಈ ದಾರಿಯನ್ನು ಸೂಚಿಸಿ ನೋಡಿ. ಔಷಧದ ವಿಷಯದಲ್ಲಿ ಮಾತ್ರ ರಾಜಿ ಬೇಡ.

ಉತ್ತರ 3: ಮುಚ್ಚಿದ ಪೆಟ್ಟಿಗೆ

ಮೇಲಿನ ಇಬ್ಬರೂ ಮುಟ್ಟದ ಒಂದು ವಿಷಯವನ್ನು ಬರೆಯುತ್ತಿದ್ದೇನೆ. ಬರೆಯುವುದು ಸುಲಭವಿಲ್ಲ, ಆದರೂ ನಿಮ್ಮ ಪ್ರಶ್ನೆಯಲ್ಲಿ ‘ಹತ್ತಾರು ಖಾತೆಗಳು’ ಎಂಬ ಮಾತನ್ನು ಓದಿದಾಗ ಸುಮ್ಮನಿರಲಾಗಲಿಲ್ಲ.

ನನ್ನ ತಂದೆಯವರೂ ಇಂಥ ಉತ್ಸಾಹಿಗಳೇ. ಮನೆಯ ಬಿಲ್ಲುಗಳು, ಹನ್ನೆರಡು ವರ್ಷಗಳ ಛಾಯಾಚಿತ್ರಗಳು, ಪತ್ರಗಳು ಎಲ್ಲವೂ ಅವರ ಕೈಯಲ್ಲಿದ್ದವು, ಎಲ್ಲವೂ ಅಚ್ಚುಕಟ್ಟಾಗಿದ್ದವು. ಅವರು ಹಠಾತ್ತಾಗಿ ತೀರಿಕೊಂಡಾಗ ಫೋನಿನ ಪಿನ್ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಖಾತೆ ತೆರೆಯಲು ಪ್ರಯತ್ನಿಸಿದರೆ ಓಟಿಪಿ ಅದೇ ಮುಚ್ಚಿದ ಫೋನಿಗೆ ಬರುತ್ತಿತ್ತು. ಪರದೆಯ ಮೇಲೆ ಸಂದೇಶ ಬಂದದ್ದು ಕಾಣುತ್ತಿತ್ತು, ಅಂಕಿಗಳು ಕಾಣುತ್ತಿರಲಿಲ್ಲ. ದುಃಖದ ನಡುವೆ ಆ ಸಂಖ್ಯೆಗೆ ರೀಚಾರ್ಜ್ ಮಾಡಿಸುವುದು ಮರೆತುಹೋಯಿತು, ಸಿಮ್ ಕೂಡ ನಿಂತಿತು. ಹೊರಗಿನ ಹಾರ್ಡ್ ಡಿಸ್ಕೊಂದು ಸಿಕ್ಕಾಗ ಜೀವ ಬಂದಂತಾಯಿತು. ಆದರೆ ಅವರು ಅದನ್ನು ಎನ್‌ಕ್ರಿಪ್ಟ್ ಮಾಡಿದ್ದರು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿದ್ದರು. ಒಳ್ಳೆಯ ಎನ್‌ಕ್ರಿಪ್ಷನ್ ಎಂದರೆ ಕಳ್ಳನಿಗೂ ಮಗನಿಗೂ ಒಂದೇ ಬೀಗ. ಕೀಲಿ ಬೇರೆ ಯಾರ ಬಳಿಯೂ ಇರುವುದಿಲ್ಲ, ತಯಾರಕರ ಬಳಿಯೂ ಇರುವುದಿಲ್ಲ. ಅಮ್ಮನ ಬಳಿ ಈಗ ಇರುವುದು ನೆಂಟರು ಕಳುಹಿಸಿದ ಕೆಲವು ಚಿತ್ರಗಳಷ್ಟೇ.

ಅವರು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಪಾಸ್‌ವರ್ಡುಗಳು ಬಲವಾಗಿದ್ದವು, ಪಾಸ್‌ವರ್ಡಿನ ಜೊತೆಗೆ ಓಟಿಪಿಯಂಥ ಇನ್ನೊಂದು ಪುರಾವೆ ಕೇಳುವ ಎರಡು ಹಂತದ ದೃಢೀಕರಣ ಇತ್ತು. ಬಾಗಿಲಿಗೆ ಇನ್ನೊಂದು ಕೀಲಿ ಮಾತ್ರ ಇರಲಿಲ್ಲ. ನಿಮ್ಮ ತಾಯಿಯವರು ಪಾಸ್‌ವರ್ಡುಗಳನ್ನು ಬದಲಿಸಲು ಹೊರಡುವಾಗ ಇದನ್ನೂ ಅದೇ ದಿನ ಮಾಡಿಸಿ ಎಂದು ಕೈಮುಗಿದು ಕೇಳುತ್ತೇನೆ. ಎಲ್ಲ ಪಾಸ್‌ವರ್ಡುಗಳನ್ನೂ ಒಂದೆಡೆ ಬೀಗ ಹಾಕಿಡುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಬಳಸಿದರೆ ಅವರು ನೆನಪಿಡಬೇಕಾದದ್ದು ಒಂದೇ ಮುಖ್ಯ ಪಾಸ್‌ವರ್ಡ್. ತುರ್ತು ಸಂದರ್ಭದಲ್ಲಿ ನಂಬಿಕಸ್ಥರೊಬ್ಬರಿಗೆ ಪ್ರವೇಶ ಕೊಡುವ ಸೌಲಭ್ಯ ಕೆಲವು ಮ್ಯಾನೇಜರುಗಳಲ್ಲಿದೆ. ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡುವಾಗ, ಫೋನ್ ಸಿಗದ ಹೊತ್ತಿಗೆಂದು ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಮುದ್ರಿಸಿ, ಮನೆಪತ್ರಗಳನ್ನಿಡುವ ಕಡೆ ಇಡಿ.

ಗೂಗಲ್ 2013ರಿಂದ ನಿಷ್ಕ್ರಿಯ ಖಾತೆ ನಿರ್ವಾಹಕ ಎಂಬ ಏರ್ಪಾಡನ್ನು ಕೊಡುತ್ತಿದೆ. ನಾವು ಗೊತ್ತುಪಡಿಸಿದಷ್ಟು ತಿಂಗಳು ಖಾತೆಯಲ್ಲಿ ಚಟುವಟಿಕೆ ಇಲ್ಲದಿದ್ದರೆ, ನಾವು ಹೆಸರಿಸಿದವರಿಗೆ ನಾವು ಆರಿಸಿದ ಕಡತಗಳು ಸಿಗುತ್ತವೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕಬಹುದೆಂಬ ಅವರ ನಿಯಮವೂ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ, ಆದ್ದರಿಂದ ತಡ ಮಾಡುವುದು ಅಪಾಯ. ಆ್ಯಪಲ್ ಸಾಧನಗಳಲ್ಲಿ 2021ರ ಡಿಸೆಂಬರಿನಲ್ಲಿ ಬಂದ, ಐಫೋನನ್ನು ನಡೆಸುವ ತಂತ್ರಾಂಶವಾದ ಐಓಎಸ್‌ನ 15.2 ಆವೃತ್ತಿಯಿಂದ ಲೆಗಸಿ ಕಾಂಟ್ಯಾಕ್ಟ್ ಸೌಲಭ್ಯವಿದೆ. ಅಲ್ಲಿ ಹೆಸರಿಸಿದವರು ತಮಗೆ ಸಿಕ್ಕ ಕೀಲಿಯನ್ನೂ ಮರಣ ಪ್ರಮಾಣಪತ್ರವನ್ನೂ ಸಲ್ಲಿಸಿ ಪ್ರವೇಶ ಕೋರಬಹುದು. ಎರಡಕ್ಕೂ ಹಿಡಿಯುವುದು ಕೆಲವೇ ನಿಮಿಷ.

ಚಿತ್ರಗಳ ಮಟ್ಟಿಗೆ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ಮನೆಯಲ್ಲಿ ಎರಡು ಡಿಸ್ಕುಗಳನ್ನು ಒಂದಕ್ಕೊಂದು ಪ್ರತಿಬಿಂಬವಾಗಿ ಜೋಡಿಸಿದ ಪೆಟ್ಟಿಗೆ ಇದ್ದರೂ ಅದನ್ನು ಬ್ಯಾಕಪ್ ಎಂದು ಎಣಿಸಬೇಡಿ. ಕೈತಪ್ಪಿ ಅಳಿಸಿದ ಕಡತ ಎರಡರಿಂದಲೂ ಒಟ್ಟಿಗೇ ಅಳಿಯುತ್ತದೆ.

ಈ ಮಾತನ್ನು ತಾಯಿಯವರ ಬಳಿ ತೆಗೆಯುವುದು ಕಷ್ಟವೆನಿಸಿದರೆ, ನಿಮ್ಮ ಖಾತೆಗೆ ಅವರ ಹೆಸರನ್ನು ಸೇರಿಸುವುದರಿಂದ ಆರಂಭಿಸಿ. ಸಾವು ಹಿರಿಯರಿಗಷ್ಟೇ ಬರುವುದೆಂದೇನೂ ಇಲ್ಲ.

ಮರುಉತ್ತರ: ಹಿರಿಮಗಳು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ವಾರ ಕಾದು, ನಡೆದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಏನನ್ನೂ ವಿವರಿಸಲು ಹೋಗದೆ ನಿಮ್ಮ ಉತ್ತರಗಳನ್ನೇ ತಾಯಿಯವರಿಗೆ ಓದಲು ಕೊಟ್ಟೆ. ಮೂರನೆಯ ಉತ್ತರವನ್ನು ಅವರು ಎರಡು ಸಲ ಓದಿದರು. ಆ ಸಂಜೆಯೇ ನನ್ನನ್ನು ಕರೆದು, ನನ್ನ ಖಾತೆಗೆ ಅವರನ್ನೂ ಅವರ ಖಾತೆಗೆ ನನ್ನನ್ನೂ ಸೇರಿಸಿದರು. ಮರುದಿನ ಬೆಳಿಗ್ಗೆ ಟೇಪು ಹೋಗಿತ್ತು. ಕ್ಯಾಮೆರಾದ ಪಾಸ್‌ವರ್ಡ್ ಬದಲಾಗಿದೆ, ಅತಿಥಿ ಜಾಲವನ್ನು ಅವರೇ ಸಿದ್ಧಪಡಿಸಿದ್ದಾರೆ. ರೋಬೋ ಹೊಸ ಜಾಲದಲ್ಲಿ ಫೋನಿಗೆ ಕಾಣಿಸದೆ ಹೋದಾಗ ಕಾರಣವನ್ನು ಅವರೇ ನನಗೆ ವಿವರಿಸಿದರು.

ತಂದೆಯವರ ವರದಿಯ ಮಾತು ಎತ್ತುವುದು ಸುಲಭವಾಗಿರಲಿಲ್ಲ. ತಾವು ಮಾಡಿದ್ದು ಪ್ರೀತಿಯಿಂದಲೇ ಎಂದು ಅವರು ಹೇಳಿದಾಗ ನನ್ನ ಕಣ್ಣು ತುಂಬಿತು. ಇನ್ನು ಮುಂದೆ ಹೆಸರು ತೆಗೆದೇ ಕೊಡುವುದಾಗಿಯೂ, ಮಾತ್ರೆಗಳ ವಿಷಯದಲ್ಲಿ ವೈದ್ಯರ ಮಾತೇ ಅಂತಿಮವೆಂದೂ ಒಪ್ಪಿಕೊಂಡಿದ್ದಾರೆ. ಬರಲಿರುವ ಭೇಟಿಗೆ ಐದು ಪ್ರಶ್ನೆಗಳು ಈಗಾಗಲೇ ಸಿದ್ಧವಾಗಿವೆ.

ಪುಸ್ತಕದ ಕೆಲಸವೂ ನಡೆದಿದೆ, ಅದರಲ್ಲಿ ಒಂದು ಎಡವಟ್ಟೂ ಆಯಿತು. ರೂಟರಿನ ಪುಟದಲ್ಲಿ ತಾಯಿಯವರು ‘ರೀಸ್ಟಾರ್ಟ್ ಮಾಡಿ’ ಎಂದು ಬರೆದಿದ್ದರು. ತಂದೆಯವರು ರೂಟರಿನ ಹಿಂಭಾಗದಲ್ಲಿ ‘ರೀಸೆಟ್’ ಎಂದು ಬರೆದಿದ್ದ ಸಣ್ಣ ರಂಧ್ರವನ್ನು ಕಂಡು, ಅದೇ ಇರಬೇಕೆಂದು ಕಡ್ಡಿಯಿಂದ ಒತ್ತಿ ಹಿಡಿದರು. ಎಲ್ಲ ಸೆಟ್ಟಿಂಗ್‌ಗಳೂ ಅಳಿಸಿಹೋಗಿ ರೂಟರ್ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿತು, ಹೊಸದಾಗಿ ಕಟ್ಟಿದ ಅತಿಥಿ ಜಾಲವೂ ಹೋಯಿತು. ತಂದೆಯವರು ಬಹಳ ನೊಂದುಕೊಂಡರು. ತಾಯಿಯವರು ಮಾತ್ರ, ಓದುವವರು ತಪ್ಪಿದರೆ ಬರೆದವರದೇ ತಪ್ಪು ಎಂದು ಹೇಳಿ, ಆ ಪುಟವನ್ನು ಹರಿದು ಹೊಸದಾಗಿ ಬರೆದರು. ಈಗ ಅಲ್ಲಿ ರೂಟರಿನ ಚಿತ್ರವಿದೆ, ಪ್ಲಗ್ಗನ್ನು ಕಿತ್ತು ಮೂವತ್ತು ಎಣಿಸಿ ಮತ್ತೆ ಹಾಕಬೇಕೆಂಬ ಸೂಚನೆಯಿದೆ, ಮುಟ್ಟಬಾರದ ರಂಧ್ರದ ಸುತ್ತ ಕೆಂಪು ವೃತ್ತವಿದೆ. ಮೊನ್ನೆ ಸಂಪರ್ಕ ಕಡಿದಾಗ ತಂದೆಯವರು ಒಬ್ಬರೇ ಸರಿಪಡಿಸಿದರು.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ನಡುಮನೆಯಲ್ಲಿಯೂ ಕ್ಯಾಮೆರಾ ಇರಲಿ, ತಾವು ಹೊರಗೆ ಹೋದಾಗ ತಂದೆಯವರು ಬಿದ್ದರೆ ತಿಳಿಯಬೇಕು ಎಂಬುದು ತಾಯಿಯವರ ವಾದ. ತಮ್ಮನ್ನು ಇಡೀ ದಿನ ಯಾರೋ ನೋಡುತ್ತಿದ್ದಾರೆಂಬ ಭಾವನೆಯಲ್ಲಿ ಕುಳಿತಿರಲಾಗದು ಎಂಬುದು ತಂದೆಯವರ ಮಾತು. ನನಗೆ ತಂದೆಯವರ ಮಾತೇ ಸರಿಯೆನಿಸುತ್ತದೆ, ಆದರೆ ತಾಯಿಯವರ ಭಯವೂ ಸುಳ್ಳಲ್ಲ. ಬಿದ್ದಾಗ ತಾನಾಗಿಯೇ ಕರೆ ಮಾಡುವ ಕೈಗಡಿಯಾರ ಇದಕ್ಕೆ ಸಾಕಾದೀತೇ, ಚಿತ್ರ ತೆಗೆಯದೆ ಚಲನೆಯನ್ನಷ್ಟೇ ಗುರುತಿಸುವ ಸೆನ್ಸರುಗಳನ್ನು ಯಾರಾದರೂ ಬಳಸಿದ್ದೀರಾ? ತಾಯಿಯವರು ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದಾರೆ.